ಹೆಸರೇ ಕೇಳದ ಕಂಪನಿಯ ರೋಬೋಟ್ ಕಿಟ್: ಭುಜದ ಪಿನ್ ತೂತಿನೊಳಗೇ ಮುರಿದಿದೆ, ಏನು ಮಾಡಲಿ?

ವಿದ್ಯಾಗಿರಿ_ಚಿಗವ್ವ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದೇ ಜಾಸ್ತಿ, ಬರೆಯುತ್ತಿರುವುದು ಮೊದಲ ಸಲ.

ನನ್ನ ಅಕ್ಕನ ಮಗ ಎಂಟನೇ ಕ್ಲಾಸ್ ಮುಗಿಸಿ ರಜೆಗೆ ನಮ್ಮ ಮನೆಗೆ ಬಂದಿದ್ದಾನೆ. ಅವನ ಹುಟ್ಟುಹಬ್ಬಕ್ಕೆ ಜೋಡಿಸುವ ರೋಬೋಟ್ ಕಿಟ್ ತರಿಸಿದೆ. ಅವನು ಕೇಳಿದ್ದು ಜಪಾನಿನ ಬಂಡಾಯಿ ಕಂಪನಿಯದು. ಅದರ ರೇಟು ನನಗೆ ಹೆಚ್ಚಾಯಿತು. ಅದೇ ಅಳತೆಯದು ಬೇರೆ ಕಂಪನಿಯದು 1,450 ರೂಪಾಯಿಗೆ ಸಿಕ್ಕಿತು, ತಗೊಂಡೆ. ಪೆಟ್ಟಿಗೆ ತುಂಬ ಚೀನೀ ಅಕ್ಷರ. ನಮಗೆ ಓದಲು ಬಂದದ್ದು 1/100, ಅಂದರೆ ಕಥೆಯ ರೋಬೋಟಿನ ನೂರನೇ ಒಂದು ಅಳತೆ, ಅನ್ನುವುದು ಮಾತ್ರ.

ಮೂರು ದಿನ ಚೆನ್ನಾಗಿ ನಡೆಯಿತು. ತಲೆ, ಎದೆ, ಬಲಗೈ ಆಯಿತು. ನಿನ್ನೆ ಸಂಜೆ ಎಡ ಭುಜದ ಪಿನ್ ಅರ್ಧ ಹೋಗಿ ನಿಂತುಬಿಟ್ಟಿತು. ಹುಡುಗ ನನ್ನನ್ನು ಕರೆದ. ನಾನು ಇಕ್ಕಳದಲ್ಲಿ ಬಟ್ಟೆ ಸುತ್ತಿ ಒತ್ತಿದೆ. ಟಕ್ ಅಂತ ಸದ್ದಾಯಿತು. ಪಿನ್‌ನ ಅರ್ಧ ತೂತಿನೊಳಗೆ ಉಳಿಯಿತು, ಇನ್ನರ್ಧ ಕೈಯಲ್ಲಿ. ಅವನು ಒಂದೂ ಮಾತಾಡಲಿಲ್ಲ. ಎಲ್ಲ ಪೆಟ್ಟಿಗೆಗೆ ತುಂಬಿ ಮಾಳಿಗೆ ಮೇಲೆ ಹೋಗಿ ಕೂತ. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇದನ್ನು ಸರಿ ಮಾಡಬಹುದಾ? ಇನ್ನೂ ಎರಡು ಕಾಲು, ಬೆನ್ನಿನ ಭಾಗ ಬಾಕಿ ಇವೆ. ಅಲ್ಲೂ ಹೀಗೇ ಆದರೆ? ನಾವು ರನ್ನರ್‌ನಿಂದ, ಅಂದರೆ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ, ಭಾಗ ಕತ್ತರಿಸಲು ನೇಲ್ ಕಟರ್ ಬಳಸುತ್ತಿದ್ದೇವೆ. ಅದೇನಾದರೂ ತಪ್ಪಾ?

ಜಮಖಂಡಿ_ತಮ್ಮಾ

ಫೆವಿಕ್ವಿಕ್ ಹಾಕಿ ಅಂಟಿಸಿಬಿಡಿ ಅಕ್ಕಾ. ಎರಡು ನಿಮಿಷದ ಕೆಲಸ.

ಗುಮ್ಮಟದೂರು, ವಿಜಯಪುರ

ಅಕ್ಕಾರೆ, ದಯವಿಟ್ಟು ಈಗಲೇ ಅಂಟು ಹಾಕಬೇಡಿ. ಭುಜ ತಿರುಗಬೇಕಾದ ಜಾಗ. ಆ ಅಂಟು ನೀರಿನ ಹಾಗೆ ತೆಳ್ಳಗಿರುತ್ತದೆ, ತೂತಿನೊಳಗೆಲ್ಲ ಹರಿದು ಕೂತುಬಿಡುತ್ತದೆ. ಆಮೇಲೆ ಕೈ ಎತ್ತಲೂ ಬರುವುದಿಲ್ಲ, ಮುರಿದ ತುಂಡು ತೆಗೆಯಲೂ ಬರುವುದಿಲ್ಲ. ಜೊತೆಗೆ ಅದರ ಆವಿ ಸುತ್ತಲಿನ ಪ್ಲಾಸ್ಟಿಕ್ ಮೇಲೆ ಬೂದಿ ಬಳಿದ ಹಾಗೆ ಬೆಳ್ಳಗೆ ಕೂರುತ್ತದೆ.

ಮೊದಲು ಒಂದು ವಿಷಯ ಹೇಳಿ. ಆ ಪಿನ್ ಇದ್ದ ರನ್ನರ್ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ ಇದೆಯಾ? ಪಿಎಸ್, ಎಬಿಎಸ್, ಪಿಇ ಅಂತ ಏನಾದರೂ? ಅದು ಯಾವ ಪ್ಲಾಸ್ಟಿಕ್ ಅನ್ನುವ ಗುರುತು.

ವಿದ್ಯಾಗಿರಿ_ಚಿಗವ್ವ, ಬಾಗಲಕೋಟೆ

ನೋಡಿದೆ. ಗಾಢ ಬೂದು ಬಣ್ಣದ ರನ್ನರ್‌ಗಳ ಮೂಲೆಯಲ್ಲಿ ಎಬಿಎಸ್ ಅಂತ ಇದೆ. ಬಿಳಿ, ಕೆಂಪು, ನೀಲಿಯದರಲ್ಲಿ ಪಿಎಸ್. ರಬ್ಬರ್ ಥರ ಮೆತ್ತಗಿರುವ ಸಣ್ಣದೊಂದರಲ್ಲಿ ಪಿಇ. ಮುರಿದದ್ದು ಬೂದು ಬಣ್ಣದ್ದು.

ಜಮಖಂಡಿ_ತಮ್ಮಾ

ಅಕ್ಷರ ಇಲ್ಲದಿದ್ದರೆ ತುಂಡು ಸುಟ್ಟು ನೋಡಿದರೆ ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗುತ್ತದೆ ಅಂತ ಕೇಳಿದ್ದೇನೆ.

ಗುಮ್ಮಟದೂರು, ವಿಜಯಪುರ

ತಮ್ಮಾ, ಮನೆಯಲ್ಲಿ ಮಕ್ಕಳ ಮುಂದೆ ಅದು ಬೇಡವೇ ಬೇಡ. ಪಿಎಸ್ ಆಗಲಿ ಎಬಿಎಸ್ ಆಗಲಿ ಕಪ್ಪು ಮಸಿ ಹೊಗೆ ಬಿಡುತ್ತವೆ, ಎದೆಗೆ ಕೆಟ್ಟದ್ದು. ಅಕ್ಷರ ಇಲ್ಲದಿದ್ದರೂ ಕೈಗೆ ಗೊತ್ತಾಗುತ್ತದೆ. ಪಿಎಸ್ ಗಡಸು, ಹೊರಗಿನ ಕವಚಕ್ಕೆ ಹಾಕುತ್ತಾರೆ. ಎಬಿಎಸ್ ಸ್ವಲ್ಪ ಬಾಗಿ ತಾಳುವಂಥದ್ದು, ಒಳಗಿನ ಎಲುಬಿಗೆ ಹಾಕುತ್ತಾರೆ. ಪಿಇ ಮೆತ್ತಗೆ, ಕೀಲಿಗೆ. ಅದಕ್ಕೆ ಬಣ್ಣವೂ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ.

ಟಿಳಕವಾಡಿ_ಮೂರನೇ_ಗೇಟ್, ಬೆಳಗಾವಿ

ಅಕ್ಕಾರೆ ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದ್ದದ್ದು ಹೇಳುತ್ತೇನೆ. ಗುರುತಿಲ್ಲದ ಕಂಪನಿ ತಗೊಂಡರೆ ಹೀಗೇ ಆಗುವುದು. ಗುಂಡಮ್ ಅನ್ನುವ ಕಾರ್ಟೂನ್ ರೋಬೋಟಿನ ಮೊದಲ ಕಿಟ್ ಬಂಡಾಯಿ ತಂದದ್ದು 1980ರಲ್ಲಿ. ಅಳತೆ 1/144, ಬೆಲೆ 300 ಯೆನ್. ಅಂದಿನಿಂದ ಅದೇ ಕೆಲಸ ಮಾಡುತ್ತಾ ಬಂದಿದ್ದಾರೆ. ನಾನು ಅವರ ಕಿಟ್ ಹತ್ತಕ್ಕಿಂತ ಜಾಸ್ತಿ ಮಾಡಿದ್ದೇನೆ, ಒಂದರಲ್ಲೂ ಪಿನ್ ಮುರಿದಿಲ್ಲ. ಸ್ವಲ್ಪ ದುಡ್ಡು ಕೂಡಿಟ್ಟು ಒಳ್ಳೆಯದನ್ನೇ ಕೊಡಿಸಬೇಕಿತ್ತು.

ಬನಹಟ್ಟಿ_ಮಗ್ಗ

ಮೂರನೇ ಗೇಟ್ ಅಣ್ಣಾ, ಈಗ ಕೊಡಿಸಿ ಆಗಿದೆಯಲ್ಲ. ಅವರು ಕೇಳಿದ್ದು ಸರಿ ಮಾಡುವುದು ಹೇಗೆ ಅಂತ. 1,450 ರೂಪಾಯಿ ಕೂಡ ಎಲ್ಲರಿಗೂ ಸಣ್ಣ ದುಡ್ಡಲ್ಲ.

ಇನ್ನೊಂದು ಮಾತು. 1980ರ ಕಿಟ್‌ಗಳು ಈಗಿನ ಹಾಗೆ ಒತ್ತಿ ಕೂರಿಸುವಂಥವು ಆಗಿರಲಿಲ್ಲ. ಅಂಟು ಹಾಕಬೇಕಿತ್ತು, ಬಣ್ಣ ನಾವೇ ಬಳಿಯಬೇಕಿತ್ತು. ಅವರೂ ಕಲಿತು ಕಲಿತೇ ಇಲ್ಲಿಗೆ ಬಂದಿದ್ದಾರೆ.

ಟಿಳಕವಾಡಿ_ಮೂರನೇ_ಗೇಟ್, ಬೆಳಗಾವಿ

ದುಡ್ಡಿನ ಮಾತು ಒಪ್ಪಿದೆ. ಅಂಟಿನ ಮಾತೂ ಸರಿ. ಆದರೆ ಮೊದಲ ಕಿಟ್ ಕೆಟ್ಟರೆ ಹುಡುಗರು ಇಡೀ ಹವ್ಯಾಸವನ್ನೇ ಬಿಟ್ಟುಬಿಡುತ್ತಾರೆ. ಅದಕ್ಕೇ ಹೇಳಿದ್ದು.

ಉದ್ಯಮಬಾಗ_ಕಾಕಾ, ಬೆಳಗಾವಿ

ನನಗೆ ಈ ರೋಬೋಟ್ ಗೊತ್ತಿಲ್ಲ. ಮೊಮ್ಮಗ ಈ ಚರ್ಚೆ ತೋರಿಸಿದ. ಉದ್ಯಮಬಾಗದ ಫೌಂಡ್ರಿಯಲ್ಲಿ 31 ವರ್ಷ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಮಾಡಿದವನು ನಾನು. ನಿಮ್ಮ ರನ್ನರ್ ಎಂಬ ಮಾತು ಓದಿ ಆಶ್ಚರ್ಯವಾಯಿತು. ಅದು ನಮ್ಮ ಮಾತೇ. ಕಾದ ಕಬ್ಬಿಣ ಅಚ್ಚಿನೊಳಗೆ ಹರಿಯುವ ದಾರಿ ರನ್ನರ್, ಎರಕದ ವಸ್ತುವಿಗೆ ಅದು ಸೇರುವ ಸಣ್ಣ ಬಾಯಿ ಗೇಟ್. ನಿಮ್ಮಲ್ಲಿ ಕಬ್ಬಿಣದ ಬದಲು ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬುತ್ತಾರೆ, ಅಷ್ಟೇ ಫರಕು. ಗೇಟ್ ಕತ್ತರಿಸಿ ಉಜ್ಜಿ ಸಾಪು ಮಾಡುವುದಕ್ಕೆ ನಾವು ಫೆಟ್ಲಿಂಗ್ ಅನ್ನುತ್ತೇವೆ.

ಈಗ ಪಿನ್ ವಿಚಾರ. ಪಿನ್ ಅರ್ಧ ಹೋಗಿ ನಿಂತಿತು ಅಂದಿರಿ, ಅಲ್ವಾ? ಅದು ಅಕಸ್ಮಾತ್ ಅಲ್ಲ. ಅಚ್ಚಿನಿಂದ ವಸ್ತು ಸಲೀಸಾಗಿ ಹೊರಗೆ ಬರಬೇಕಾದರೆ ಅದಕ್ಕೆ ಸ್ವಲ್ಪ ಟೇಪರ್ ಕೊಡಲೇಬೇಕು. ಅಂದರೆ ತುದಿ ಸಣ್ಣ, ಬುಡ ಒಂದು ಕೂದಲಿನಷ್ಟು ದಪ್ಪ. ತುದಿ ಸುಲಭವಾಗಿ ಒಳಗೆ ಹೋಗುತ್ತದೆ, ಬುಡ ಬರುವಾಗ ಬಿಗಿಯಾಗುತ್ತದೆ. ಆಗ ಜೋರಾಗಿ ಒತ್ತಿದರೆ ಮುರಿಯುವುದು ಬುಡದಲ್ಲಿ ಅಥವಾ ನಡುವೆ.

ಎರಡನೆಯದು, ಕಾದದ್ದು ಆರುವಾಗ ಕುಗ್ಗುತ್ತದೆ. ನಮ್ಮ ಬೀಡು ಕಬ್ಬಿಣ ಮೀಟರಿಗೆ ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ. ಅಷ್ಟು ಲೆಕ್ಕ ಹಿಡಿದು ಪ್ಯಾಟರ್ನ್ ದೊಡ್ಡದು ಮಾಡುತ್ತೇವೆ. ಪ್ಲಾಸ್ಟಿಕ್ಕಿಗೂ ಇದೇ ಲೆಕ್ಕ ಇದೆ, ಪಿಎಸ್, ಎಬಿಎಸ್ ನೂರಕ್ಕೆ ಅರ್ಧದ ಆಸುಪಾಸು ಕುಗ್ಗುತ್ತವೆ. ಪಿನ್ ಒಂದು ಅಚ್ಚಿನಲ್ಲಿ, ತೂತು ಇನ್ನೊಂದು ಅಚ್ಚಿನಲ್ಲಿ ಹುಟ್ಟುತ್ತದೆ. ಎರಡರ ತಪ್ಪೂ ಒಂದೇ ಕಡೆ ಕೂಡಿದರೆ ಬಿಗಿ. 3 ಮಿಲಿಮೀಟರ್ ಪಿನ್‌ನಲ್ಲಿ 0.05 ಮಿಲಿಮೀಟರ್ ಹೆಚ್ಚಾದರೂ ಕೈಗೆ ಗೊತ್ತಾಗುತ್ತದೆ. ಹಳೆಯ ಕಂಪನಿಯವರು ಅಚ್ಚನ್ನು ಮತ್ತೆ ಮತ್ತೆ ತಿದ್ದಿರುತ್ತಾರೆ, ಅಚ್ಚು ಸವೆದರೆ ಬದಲಿಸುತ್ತಾರೆ. ಹೊಸಬರು ಅಷ್ಟು ತಿದ್ದಿರಲಿಕ್ಕಿಲ್ಲ. ಹಾಗಾಗಿ ಆ ತಿದ್ದುವ ಕೆಲಸ ಕೊಂಡವರ ಪಾಲಿಗೆ ಬರುತ್ತದೆ. ತಂಗೀ, ನಿನ್ನ ಕೈ ತಪ್ಪಲ್ಲ. ಬಿಗಿ ಅನ್ನಿಸಿದಾಗ ನಿಲ್ಲಿಸಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ವಿದ್ಯಾಗಿರಿ_ಚಿಗವ್ವ, ಬಾಗಲಕೋಟೆ

ಕಾಕಾ, ನಿಮಗೆ ನಮಸ್ಕಾರ. ಇದನ್ನು ಹುಡುಗನಿಗೆ ಓದಿ ಹೇಳಿದೆ. ಬಲಗೈ ಪಿನ್ ಒಂದನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದ. ಬುಡ ದಪ್ಪ ಇರುವುದು ನಿಜ ಅಂತ ಕೂಗಿದ. ನಿನ್ನೆಯಿಂದ ಅವನು ಆಡಿದ ಮೊದಲ ಮಾತು ಅದು.

ಗೋಕಾಕ_ಕರದಂಟು

ಕಾಕಾ ಹೇಳಿದ್ದು ಓದಿ ನಮ್ಮೂರಿನ ಗೊಂಬೆ ನೆನಪಾದವು. ಹಗುರ ಮರದಲ್ಲಿ, ಮಣ್ಣಿನಲ್ಲಿ ಹಣ್ಣು, ಕಾಯಿಪಲ್ಲೆ ಮಾಡುತ್ತಾರೆ. ದೂರದಿಂದ ನೋಡಿದರೆ ನಿಜವಾದ ಬದನೆಕಾಯಿಯೇ ಅನ್ನಬೇಕು. ಅಲ್ಲಿಯೂ ಅರ್ಧ ಕೆಲಸ ಉಜ್ಜುವುದರಲ್ಲೇ ಇದೆ. ಬಣ್ಣ ಆಮೇಲೆ.

ಬನಹಟ್ಟಿ_ಮಗ್ಗ

ಗೋಕಾಕದ ಹಣ್ಣುಗಳು ನಮ್ಮ ಮನೆ ಶೋಕೇಸಿನಲ್ಲಿ ಇನ್ನೂ ಇವೆ. ಅವ್ವನ ಮದುವೆ ಕಾಲದ್ದು.

ಗುಮ್ಮಟದೂರು, ವಿಜಯಪುರ

ವಿಷಯಕ್ಕೆ ಬರುತ್ತೇನೆ. ಹೆಸರು ಗೊತ್ತಿಲ್ಲದ ಕಂಪನಿಯ ಕಿಟ್ ನಾನು ಆರು ಮಾಡಿದ್ದೇನೆ. ಎರಡು ತುಂಬ ಚೆನ್ನಾಗಿದ್ದವು, ಮೂರು ಪರವಾಗಿಲ್ಲ, ಒಂದು ತಲೆನೋವು. ಆ ಒಂದರಿಂದಲೇ ಜಾಸ್ತಿ ಕಲಿತೆ. ಉಳಿದ ಕಾಲುಗಳಿಗೆ ಕೈ ಹಾಕುವ ಮೊದಲು ಇಷ್ಟು ಮಾಡಿ.

ಕತ್ತರಿಸುವ ಮುಂಚೆಯೇ ಎಲ್ಲ ರನ್ನರ್ ನೆಲದ ಮೇಲೆ ಹರವಿ. ಪುಸ್ತಕದ ಮೊದಲ ಹಾಳೆಯಲ್ಲಿ ರನ್ನರ್‌ಗಳ ಚಿತ್ರ ಇರುತ್ತದೆ. ಒಂದೊಂದಕ್ಕೂ ಅಕ್ಷರ ಇರುತ್ತದೆ, ಕೆಲವಕ್ಕೆ ಪಕ್ಕದಲ್ಲಿ ×2 ಅಂತ. ಅಂದರೆ ಅದೇ ರನ್ನರ್ ಎರಡು ಇರಬೇಕು. ಎಲ್ಲ ಇವೆಯಾ ಎಣಿಸಿ. ಕಮ್ಮಿ ಇದ್ದರೆ ಮಾರಿದವರಿಗೆ ಫೋಟೋ ಕಳಿಸಲು ಅದೇ ಸಮಯ. ಕತ್ತರಿಸಿದ ಮೇಲೆ ಯಾರೂ ಕೇಳುವುದಿಲ್ಲ. ಚೀನೀ ಬರಹಕ್ಕೆ ಫೋನಿನ ಕ್ಯಾಮೆರಾ ಅನುವಾದ ಸಾಕು. ನಿಜ ಹೇಳಬೇಕೆಂದರೆ ಚಿತ್ರಗಳೇ ಸಾಕು.

ಆಮೇಲೆ ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ಸೋಪು ಹಾಕಿ ರನ್ನರ್‌ಗಳನ್ನು ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಕೆಲವು ಕಿಟ್‌ನಲ್ಲಿ ಉಳಿದಿರುತ್ತದೆ. ಬಣ್ಣ ಹಚ್ಚುವ ಆಸೆ ಇದ್ದರೆ ಇದನ್ನು ಬಿಡಬೇಡಿ.

ನೇಲ್ ಕಟರ್ ಬಿಡಿ. ಅದರ ಬಾಯಿ ವಕ್ರ, ಭಾಗವನ್ನೇ ಕಚ್ಚಿಬಿಡುತ್ತದೆ. ರೇಡಿಯೋ, ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ತಂತಿ ಕತ್ತರಿಸುವ ಸಣ್ಣ ನಿಪ್ಪರ್ ಸಿಗುತ್ತದೆ. ಒಂದು ಬದಿ ಚಪ್ಪಟೆ ಇರುವುದನ್ನು ಕೇಳಿ ತಗೊಳ್ಳಿ. ಎರಡು ಸಲ ಕತ್ತರಿಸಿ. ಮೊದಲ ಸಲ ಭಾಗದಿಂದ ದೂರ, ಎರಡನೇ ಸಲ ಹತ್ತಿರ, ಆದರೂ ಒಂದು ಚೂರು ಉಳಿಸಿ. ಉಳಿದ ಚೂರನ್ನು ಉಜ್ಜಿ ತೆಗೆಯಿರಿ. ಉಜ್ಜುವ ಕಾಗದಕ್ಕೆ ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿ. 400, 600, 1000 ನಂಬರಿನದು ಒಂದೊಂದು ಹಾಳೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು: ಯಾವ ಪಿನ್ ಆದರೂ ಮೊದಲು ನಾಲ್ಕನೇ ಒಂದು ಭಾಗ ಮಾತ್ರ ಕೂರಿಸಿ ನೋಡಿ. ಸಲೀಸಾಗಿ ಹೋದರೆ ಮುಂದುವರಿಯಿರಿ. ಬಿಗಿ ಇದ್ದರೆ ಹೊರಗೆ ತೆಗೆಯಿರಿ. ಎರಡು ಕವಚಗಳನ್ನು ಒತ್ತಿ ಕೂಡಿಸುವ, ತಿರುಗದ ಪಿನ್ ಆದರೆ ತುದಿಯನ್ನು ಓರೆಯಾಗಿ ಕತ್ತರಿಸಬಹುದು. ಭುಜ, ಮೊಣಕಾಲು, ಸೊಂಟದ ಹಾಗೆ ಭಾರ ಹೊತ್ತು ತಿರುಗುವ ಪಿನ್ ಆದರೆ ಕತ್ತರಿಸಬೇಡಿ. ಕಾಕಾ ಹೇಳಿದ ಆ ದಪ್ಪ ಬುಡಕ್ಕೆ 600 ನಂಬರ್ ಕಾಗದ ಸುತ್ತಿ ನಾಲ್ಕು ಸುತ್ತು ತಿರುಗಿಸಿ, ಮತ್ತೆ ಕೂರಿಸಿ ನೋಡಿ. ಮತ್ತೆ ನಾಲ್ಕು ಸುತ್ತು. ಆತುರ ಬೇಡ, ಜಾಸ್ತಿ ಉಜ್ಜಿದರೆ ಸಡಿಲವಾಗುತ್ತದೆ.

ನವನಗರ_ಸೆಕ್ಟರ್_ಹುಡುಗ

ಬಿಗಿ ಇದ್ದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿದರೆ ಆಗುವುದಿಲ್ವಾ? ಬಾಗಿಲಿನ ಕೀಲಿಗೆ ಹಾಕುತ್ತೇವಲ್ಲ.

ಗುಮ್ಮಟದೂರು, ವಿಜಯಪುರ

ಬೇಡ ತಮ್ಮಾ. ಬಾಗಿಲಿನ ಕೀಲು ಲೋಹ. ಬಿಗಿಯಾಗಿ ಎಳೆತದಲ್ಲಿರುವ ಎಬಿಎಸ್‌ಗೆ ಅಡುಗೆ ಎಣ್ಣೆ ತಾಗಿದರೆ ಕೆಲವು ದಿನ ಬಿಟ್ಟು ತಾನಾಗಿಯೇ ಬಿರುಕು ಬಿಡುತ್ತದೆ. ಗೆರೆಗಳಿಗೆ ತುಂಬುವ ಎನಾಮಲ್ ಬಣ್ಣದ ತಿನ್ನರ್ ಕೂಡ ಇದೇ ಕೆಲಸ ಮಾಡುತ್ತದೆ. ನನ್ನ ಒಂದು ಕಿಟ್‌ನ ಮೊಣಕಾಲು ಹಾಗೇ ಸೀಳಿತು. ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ನೋಡಿದರೆ ಎರಡು ತುಂಡು. ಇನ್ನು ನೇಲ್ ಪಾಲಿಶ್ ಒರೆಸುವ ದ್ರಾವಣ ಹತ್ತಿರವೇ ತರಬೇಡಿ, ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಟಿಳಕವಾಡಿ_ಮೂರನೇ_ಗೇಟ್, ಬೆಳಗಾವಿ

ಎಣ್ಣೆ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ.

ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಈ ಕಿಟ್ ನಕಲಾ, ಸ್ವಂತದ್ದಾ? ಬಂಡಾಯಿಯ ಭಾಗಗಳನ್ನೇ ಅಳತೆ ತೆಗೆದು ಅಚ್ಚು ಮಾಡಿ ಬೇರೆ ಹೆಸರಿನಲ್ಲಿ ಮಾರುವವರು ಇದ್ದಾರೆ. ಅದು ಕಳ್ಳತನ. ವಿನ್ಯಾಸ ಮಾಡಿದವರ ಶ್ರಮಕ್ಕೆ ಬೆಲೆ ಬೇಡವಾ?

ಜಮಖಂಡಿ_ತಮ್ಮಾ

ಹಳ್ಳಿ ಹುಡುಗನಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಸಿಗುವುದನ್ನು ತಗೊಳ್ಳುತ್ತಾನೆ.

ಟಿಳಕವಾಡಿ_ಮೂರನೇ_ಗೇಟ್, ಬೆಳಗಾವಿ

ದುಡ್ಡು ಕಮ್ಮಿ ಇದ್ದರೆ ಸಣ್ಣ ಕಿಟ್ ತಗೊಳ್ಳಲಿ. 1/144 ಅಳತೆಯದು 1/100ಕ್ಕಿಂತ ಅಗ್ಗ. ನಕಲು ತಗೊಳ್ಳುವುದು ಸರಿ ಅಂತ ಮಕ್ಕಳಿಗೆ ಕಲಿಸಬಾರದು. ಇದರಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಬನಹಟ್ಟಿ_ಮಗ್ಗ

ಇದನ್ನು ನಾನು ಒಪ್ಪುತ್ತೇನೆ. ಮಗ್ಗದವರ ಮನೆಯಲ್ಲಿ ಹುಟ್ಟಿದವನು. ಕೈಮಗ್ಗದ ಸೀರೆಯ ಅಂಚನ್ನು ನೋಡಿ ಪವರ್‌ಲೂಮಿನಲ್ಲಿ ಅರ್ಧ ಬೆಲೆಗೆ ಇಳಿಸಿದರೆ ನೇಯ್ದವನಿಗೆ ಹೇಗಿರುತ್ತದೆ ಅಂತ ಗೊತ್ತು.

ಆದರೆ ಚೀನೀ ಅಕ್ಷರ ಇದ್ದದ್ದೆಲ್ಲ ನಕಲು ಅನ್ನುವುದು ತಪ್ಪು. ಮೋಟರ್ ನ್ಯೂಕ್ಲಿಯರ್ ಅಂತ ಚೀನಾದ ಕಂಪನಿ ಇದೆ. ಅವರ ವಿನ್ಯಾಸ ಅವರದೇ, ಒಳಗಿನ ಎಲುಬು ಲೋಹದ್ದು. ಜಪಾನಿನಲ್ಲಿಯೂ ಬಂಡಾಯಿ ಒಂದೇ ಅಲ್ಲ, ಕೊಟೊಬುಕಿಯಾ ಇದೆ. ಹೆಸರು ನಮಗೆ ಗೊತ್ತಿಲ್ಲ ಅಂದಮಾತ್ರಕ್ಕೆ ಅದು ಕೆಟ್ಟದ್ದಲ್ಲ.

ವಿದ್ಯಾಗಿರಿ_ಚಿಗವ್ವ, ಬಾಗಲಕೋಟೆ

ಹುಡುಗನನ್ನೇ ಕೇಳಿದೆ. ಇದು ಯಾವ ಗುಂಡಮ್ ಹಾಗೂ ಇಲ್ಲ, ಇಂಥ ರೋಬೋಟ್ ತಾನು ನೋಡಿಯೇ ಇಲ್ಲ ಅಂದ. ಬೆನ್ನ ಮೇಲೆ ನವಿಲಿನ ಗರಿ ಥರ ರೆಕ್ಕೆ ಇದೆ. ಸ್ವಂತ ವಿನ್ಯಾಸವೇ ಅನ್ನಿಸುತ್ತದೆ. ಮುಂದೆ ತಗೊಳ್ಳುವಾಗ ಇದನ್ನು ಖಂಡಿತ ನೋಡಿಯೇ ತಗೊಳ್ಳುತ್ತೇನೆ ಅಣ್ಣಾರೆ.

ನವನಗರ_ಸೆಕ್ಟರ್_ಹುಡುಗ

ಮೊದಲು ಕಿಟ್‌ಗಳಿಗೆ ಇಷ್ಟು ರೇಟು ಇರಲಿಲ್ಲ. ಈಗ ಯಾಕೆ ಇಷ್ಟು?

ಬನಹಟ್ಟಿ_ಮಗ್ಗ

ಕಸ್ಟಮ್ಸ್ ಸುಂಕ. ಆಟಿಕೆ ಮೇಲೆ 20% ಇದ್ದದ್ದು 2020ರ ಬಜೆಟ್‌ನಲ್ಲಿ 60% ಆಯಿತು, 2023ರಲ್ಲಿ 70%. ಜೋಡಿಸುವ ಮಾದರಿಗಳೂ ಸುಂಕದ ಪಟ್ಟಿಯಲ್ಲಿ ಆಟಿಕೆ ಜೊತೆಗೇ ಬರುತ್ತವೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಬಿಐಎಸ್ ಅನ್ನುವ ಸರ್ಕಾರಿ ಗುಣಮಟ್ಟದ ಗುರುತು ಕಡ್ಡಾಯ ಅನ್ನುವ ನಿಯಮವೂ 2021ರ ಜನವರಿ 1ರಿಂದ ಬಂದಿದೆ.

ಗೋಕಾಕ_ಕರದಂಟು

ಅದರಿಂದ ನಮ್ಮಲ್ಲಿ ಆಟಿಕೆ ಮಾಡುವವರಿಗೆ ಅನುಕೂಲವಾದರೆ ಒಳ್ಳೆಯದೇ. ಬೆಳಗಾವಿಯಲ್ಲಿ ವಿಮಾನದ ಭಾಗ ಮಾಡುತ್ತಾರೆ. ಕೊಪ್ಪಳದ ಕಡೆ ಆಟಿಕೆ ಕಾರ್ಖಾನೆಗಳು ಬಂದಿವೆ. ಇಂಥ ಕಿಟ್ ನಮ್ಮ ಕಡೆಯೇ ಯಾಕೆ ಆಗಬಾರದು?

ಉದ್ಯಮಬಾಗ_ಕಾಕಾ, ಬೆಳಗಾವಿ

ಆಗುತ್ತದೆ. ಅಚ್ಚು ಕೊರೆಯುವ ಕೈಗಳು ಇಲ್ಲಿ ಇವೆ. ಇಷ್ಟು ಸಣ್ಣ ಪಿನ್ ನೂರಾರು ಇರುವ ಅಚ್ಚಿಗೆ ಮೊದಲೇ ತುಂಬ ದುಡ್ಡು ಹಾಕಬೇಕು, ಆಮೇಲೆ ತಿದ್ದುತ್ತಾ ಕೂರುವ ತಾಳ್ಮೆ ಬೇಕು. ಹಾಕುವವರು ಬೇಕಷ್ಟೇ.

ವಿದ್ಯಾಗಿರಿ_ಚಿಗವ್ವ, ಬಾಗಲಕೋಟೆ

ಇನ್ನೊಂದು ಸಮಸ್ಯೆ ಗೊತ್ತಾಯಿತು. ಗುಮ್ಮಟದೂರು ಅಣ್ಣಾರ ಮಾತಿನಂತೆ ಎಲ್ಲ ಹರವಿ ಎಣಿಸಿದೆವು. ರನ್ನರ್ 13 ಸರಿಯಾಗಿವೆ. ಆದರೆ ಮೆತ್ತಗಿನ ಪಿಇ ತುಂಡು ಒಂದು ಕಮ್ಮಿ. ಬಲಗಾಲಿನ ಹಿಮ್ಮಡಿ ಹತ್ತಿರದ್ದು. ಅದಿಲ್ಲದೆ ಕೂರಿಸಿದರೆ ಪಾದ ಜೋತು ಬೀಳುತ್ತದೆ.

ಜಮಖಂಡಿ_ತಮ್ಮಾ

ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ತೊಗಟೆ ಸುಲಿದು ಪಿನ್‌ಗೆ ಹಾಕಿ. ಅಳತೆಗೆ ಸರಿ ಕೂರುತ್ತದೆ.

ಗುಮ್ಮಟದೂರು, ವಿಜಯಪುರ

ಯೋಚನೆ ಒಳ್ಳೆಯದು, ಸಾಮಾನು ತಪ್ಪು. ವೈರಿನ ತೊಗಟೆ ಪಿವಿಸಿ. ಅದನ್ನು ಮೆತ್ತಗಿಡಲು ಬೆರೆಸಿದ ರಸಾಯನ ನಿಧಾನವಾಗಿ ಹೊರಗೆ ಬಂದು ಪಿಎಸ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮಾಡೆಲ್ ಕಾರುಗಳ ಮೆತ್ತಗಿನ ಟೈರು ಚಕ್ರವನ್ನು ಕರಗಿಸಿ ಅಂಟಿಕೊಂಡದ್ದು ಎಷ್ಟೋ ಜನ ನೋಡಿದ್ದಾರೆ. ಕಾರಣ ಇದೇ.

ನಲ್ಲಿ ಕೆಲಸದವರು ಬಳಸುವ ಬಿಳಿ ಟೆಫ್ಲಾನ್ ಟೇಪ್ ತಗೊಳ್ಳಿ ಅಕ್ಕಾರೆ. ಪಿನ್‌ಗೆ ಎರಡು ಮೂರು ಸುತ್ತು ಎಳೆದು ಸುತ್ತಿ ಕೂರಿಸಿ. ಅದು ಯಾವ ಪ್ಲಾಸ್ಟಿಕ್ಕಿಗೂ ಏನೂ ಮಾಡುವುದಿಲ್ಲ. ಸಡಿಲ ಅನ್ನಿಸಿದರೆ ಇನ್ನೊಂದು ಸುತ್ತು.

ಜಮಖಂಡಿ_ತಮ್ಮಾ

ಇದು ನನಗೆ ಗೊತ್ತಿರಲಿಲ್ಲ. ನನ್ನ ಒಂದು ಕಿಟ್‌ಗೆ ವೈರ್ ತೊಗಟೆ ಹಾಕಿದ್ದೇನೆ, ಇವತ್ತೇ ತೆಗೆಯುತ್ತೇನೆ. ಥ್ಯಾಂಕ್ಸ್ ಅಣ್ಣಾ.

ಇಳಕಲ್_ಸೆರಗು

ಮುರಿದ ಭುಜದ ಬಗ್ಗೆ ಯಾರೂ ಪೂರ್ತಿ ಹೇಳಲೇ ಇಲ್ಲ. ನನಗೆ ರೋಬೋಟ್ ಗೊತ್ತಿಲ್ಲ, ಆದರೆ ಸಣ್ಣ ತೂತು ಗೊತ್ತು. ನಮ್ಮ ಮಾವ ಪತ್ತಾರರು, ಚಿನ್ನ ಬೆಳ್ಳಿ ಕೆಲಸದವರು. ಒಂದು ಮಿಲಿಮೀಟರ್ ಸೂಜಿಯಂಥ ಡ್ರಿಲ್ ಅವರ ಹತ್ತಿರ ಯಾವಾಗಲೂ ಇರುತ್ತದೆ, ಬೆರಳಲ್ಲೇ ತಿರುಗಿಸುವಂಥದ್ದು. ಮುರಿದ ತುಂಡಿನ ನಡುವೆ ತೂತು ಹಾಕಿ ಒಳಗೆ ಹಿತ್ತಾಳೆ ತಂತಿ ಇಟ್ಟರೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಮುರಿದ ಕಿವಿಯೋಲೆಯ ಕಡ್ಡಿಯನ್ನು ಅವರು ಹೀಗೇ ಮಾಡುತ್ತಾರೆ. ನಿಮ್ಮೂರಿನ ಪತ್ತಾರರ ಹತ್ತಿರ ಹೋಗಿ ಕೇಳಿ ಅಕ್ಕಾ. ವಾಚ್ ರಿಪೇರಿಯವರ ಹತ್ತಿರವೂ ಇರುತ್ತದೆ.

ಗುಮ್ಮಟದೂರು, ವಿಜಯಪುರ

ಇದೇ ಸರಿಯಾದ ದಾರಿ. ನಾನು ಡ್ರಿಲ್ ಆನ್‌ಲೈನ್‌ನಲ್ಲಿ ತರಿಸಲು ಹೇಳಬೇಕು ಅಂತಿದ್ದೆ. ಪತ್ತಾರರು ನೆನಪಾಗಲೇ ಇಲ್ಲ.

ಒಳಗೆ ಸಿಕ್ಕಿದ ತುಂಡು ತೆಗೆಯಲು ಅದರ ನಡುವೆ ಸಣ್ಣ ತೂತು ಹಾಕಿ, ತೆಳ್ಳಗಿನ ಸ್ಕ್ರೂ ಒಂದು ಸುತ್ತು ತಿರುಗಿಸಿ ಎಳೆಯಬೇಕು. ಹೊಸ ಪಿನ್‌ಗೆ ಅದೇ ಬೂದು ರನ್ನರ್ ಕಡ್ಡಿಯ ತುಂಡು ತಗೊಳ್ಳಿ. ಅದೇ ಪ್ಲಾಸ್ಟಿಕ್, ಅದೇ ಬಣ್ಣ. ಖಾಲಿ ರನ್ನರ್ ಇನ್ನೂ ಎಸೆದಿಲ್ಲ ತಾನೇ? ತಂತಿ ಮತ್ತು ಪ್ಲಾಸ್ಟಿಕ್ ಸೇರಿಸಲು ಪ್ಲಾಸ್ಟಿಕ್ ಅಂಟು ಕೆಲಸ ಮಾಡುವುದಿಲ್ಲ, ಅದು ಲೋಹ ಹಿಡಿಯುವುದಿಲ್ಲ. ಎರಡು ಟ್ಯೂಬ್ ಬೆರೆಸುವ ಅರಾಲ್ಡೈಟ್ ಒಳ್ಳೆಯದು. ನಿಧಾನವಾಗಿ ಗಟ್ಟಿಯಾಗುತ್ತದೆ, ನೇರ ಮಾಡಲು ಟೈಮ್ ಸಿಗುತ್ತದೆ.

ವಿದ್ಯಾಗಿರಿ_ಚಿಗವ್ವ, ಬಾಗಲಕೋಟೆ

ಎಸೆದಿಲ್ಲ. ಹಳೆ ಊರಿನಲ್ಲಿ ನಮ್ಮ ಅತ್ತೆಯವರಿಗೆ ಪರಿಚಯದ ಪತ್ತಾರರು ಇದ್ದಾರೆ. ನಾಳೆ ಇಬ್ಬರೂ ಹೋಗುತ್ತೇವೆ.

ಶಹಾಪುರ_ಬಣ್ಣ, ಬೆಳಗಾವಿ

ನಾನು ಗಣಪತಿ ಮೂರ್ತಿಗೆ ಬಣ್ಣ ಹೊಡೆಯುವವನು. ಬಣ್ಣದ ಮಾತು ಬಂದದ್ದರಿಂದ ಹೇಳುತ್ತೇನೆ. ಕೊನೆಗೆ ಹೊಳಪು ತೆಗೆಯುವ ಮ್ಯಾಟ್ ಸ್ಪ್ರೇ ಹೊಡೆಯುವ ಆಸೆ ಇದ್ದರೆ ಹವೆ ನೋಡಿ ಹೊಡೆಯಿರಿ. ಬೆಳಗಾವಿ ಮಳೆಗಾಲದಲ್ಲಿ ಗಾಳಿಯ ತೇವ ಸ್ಪ್ರೇ ಜೊತೆ ಸೇರಿ ಮೇಲ್ಮೈ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನಾವು ಆಷಾಢ, ಶ್ರಾವಣದಲ್ಲಿ ಬಲ್ಬ್ ಹಾಕಿ ಕೋಣೆ ಒಣಗಿಸಿಕೊಂಡು ಹೊಡೆಯುತ್ತೇವೆ. ಬಾಗಲಕೋಟೆ ಬೇಸಿಗೆಯಲ್ಲಿ ಅದರ ಉಲ್ಟಾ. ಸ್ಪ್ರೇ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ, ಮೇಲ್ಮೈ ಉಸುಕಿನ ಹಾಗೆ ಆಗುತ್ತದೆ. ಬೆಳಿಗ್ಗೆ ಬಿಸಿಲು ಏರುವ ಮೊದಲು, ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ತೆಳ್ಳಗೆ ಎರಡು ಮೂರು ಕೋಟ್. ಒಂದೇ ಸಲ ತೋಯಿಸಬೇಡಿ.

ಗುಮ್ಮಟದೂರು, ವಿಜಯಪುರ

ನೂರಕ್ಕೆ ನೂರು ನಿಜ. ವಿಜಯಪುರದಲ್ಲಿ ಮೇ ತಿಂಗಳು 40 ಡಿಗ್ರಿಯಲ್ಲಿ ಮಧ್ಯಾಹ್ನ ಹೊಡೆದು ಒಂದು ಕಿಟ್ ಕೆಡಿಸಿದ್ದೇನೆ.

ನವನಗರ_ಸೆಕ್ಟರ್_ಹುಡುಗ

ಬಣ್ಣ ಇಲ್ಲದೆಯೂ ಚೆನ್ನಾಗಿ ಕಾಣಿಸಲು ಏನು ಮಾಡಬೇಕು? ನನ್ನ ಹತ್ತಿರ ಸ್ಪ್ರೇ ಇಲ್ಲ.

ಟಿಳಕವಾಡಿ_ಮೂರನೇ_ಗೇಟ್, ಬೆಳಗಾವಿ

ಎಂಜಿನಿಯರಿಂಗ್ ಹುಡುಗರು ಡ್ರಾಯಿಂಗ್‌ಗೆ ಬಳಸುವ 0.1 ಪೆನ್ ತಗೊಂಡು ಕವಚದ ಸಣ್ಣ ಗೆರೆಗಳಲ್ಲಿ ಎಳೆ ತಮ್ಮಾ. ಬಿಳಿ ಭಾಗಕ್ಕೆ ಬೂದು, ಕೆಂಪಿಗೆ ಕಂದು. ಹೊರಗೆ ಬಂದದ್ದನ್ನು ತಕ್ಷಣ ಬೆರಳಿನಿಂದ ಒರೆಸು. ಅರ್ಧ ಗಂಟೆಯಲ್ಲಿ ಬೇರೆಯೇ ರೋಬೋಟ್ ಆಗುತ್ತದೆ. ಪೆನ್ನು ಎಬಿಎಸ್‌ಗೂ ತೊಂದರೆ ಮಾಡುವುದಿಲ್ಲ.

ವಿದ್ಯಾಗಿರಿ_ಚಿಗವ್ವ, ಬಾಗಲಕೋಟೆ

ಹೋಗಿ ಬಂದೆವು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಪತ್ತಾರರು ಭುಜದ ತುಂಡನ್ನು ಕೈಯಲ್ಲಿ ಹಿಡಿದು ಕಣ್ಣಿಗೆ ಭೂತಗನ್ನಡಿ ಹಾಕಿ ತುಂಬ ಹೊತ್ತು ನೋಡಿದರು. ಅವರ ಕೆಲಸದ ಸಾಮಾನನ್ನು ಅರಗಿನಲ್ಲಿ ಕೂರಿಸುತ್ತಾರಂತೆ. ಇದಕ್ಕೆ ಅರಗಿನ ಬಿಸಿ ತಾಗಬಾರದು ಅಂತ ಮೇಣದ ಉಂಡೆ ಮಾಡಿ ಅದರಲ್ಲಿ ಒತ್ತಿ ನಿಲ್ಲಿಸಿದರು. ಮೊದಲು ಸೂಜಿಯಿಂದ ನಡುವೆ ಒಂದು ಚುಕ್ಕೆ ಹಾಕಿದರು. ಚುಕ್ಕೆ ಇಲ್ಲದೆ ಡ್ರಿಲ್ ಇಟ್ಟರೆ ಜಾರಿ ಬದಿಗೆ ಹೋಗುತ್ತದೆ ಅಂದರು. ಆಮೇಲೆ ಡ್ರಿಲ್ಲನ್ನು ಹುಡುಗನ ಕೈಗೆ ಕೊಟ್ಟರು. ನಾನು ಬೇಡ ಅನ್ನಲು ಹೋದೆ. ಅವರು ಕೈಸನ್ನೆ ಮಾಡಿ ನನ್ನನ್ನು ನಿಲ್ಲಿಸಿದರು. ಎರಡು ಸುತ್ತು ತಿರುಗಿಸು, ಹೊರಗೆ ತೆಗೆ, ಪುಡಿ ಊದು, ಮತ್ತೆ ಎರಡು ಸುತ್ತು ಅಂತ ಹೇಳುತ್ತಾ ಹೋದರು. ಹತ್ತು ನಿಮಿಷ ಹಿಡಿಯಿತು. ತೂತು ನೆಟ್ಟಗೆ ಬಂದಿದೆ.

ಒಳಗಿನ ತುಂಡು ಸ್ಕ್ರೂ ಹಾಕಿ ಎಳೆದಾಗ ಸಲೀಸಾಗಿ ಬಂತು. ರನ್ನರ್ ಕಡ್ಡಿಗೂ ತೂತು ಹಾಕಿ ಹಿತ್ತಾಳೆ ತಂತಿ ಪೋಣಿಸಿಕೊಟ್ಟರು. ಮನೆಗೆ ಬಂದು ಅರಾಲ್ಡೈಟ್ ಹಾಕಿ ರಾತ್ರಿಯಿಡೀ ಬಿಟ್ಟೆವು. ಇವತ್ತು ಹೊಸ ಪಿನ್‌ನ ಬುಡವನ್ನು ಹುಡುಗನೇ 600 ಕಾಗದದಲ್ಲಿ ಉಜ್ಜಿದ. ನಾಲ್ಕು ಸುತ್ತು, ನೋಡುವುದು, ಮತ್ತೆ ನಾಲ್ಕು ಸುತ್ತು. ಒಂಬತ್ತನೇ ಸಲಕ್ಕೆ ಕೂತಿತು. ಎಡಗೈ ತಲೆಯ ಮೇಲಿನವರೆಗೆ ಏಳುತ್ತದೆ.

ಕಾಲುಗಳ ಕೆಲಸ ಶುರು ಮಾಡಿದ್ದಾನೆ. ನಿಪ್ಪರ್ ತಂದಿದ್ದೇವೆ. ಪ್ರತಿ ಪಿನ್ ಮೊದಲು ನಾಲ್ಕನೇ ಒಂದು ಭಾಗ ಕೂರಿಸಿ ನೋಡುತ್ತಾನೆ. ಬಿಗಿ ಇದ್ದದ್ದನ್ನು ಪುಸ್ತಕದ ಆ ಚಿತ್ರದ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದಾನೆ. ಇದುವರೆಗೆ 11 ಗುರುತು ಆಗಿವೆ.

ಇಳಕಲ್_ಸೆರಗು

ನನ್ನ ಮಾವನಿಗೆ ಓದಿ ಹೇಳಿದೆ. ಮೇಣದ ಉಂಡೆಯ ಮಾತು ಕೇಳಿ ಬಹಳ ಖುಷಿಪಟ್ಟರು.

ಉದ್ಯಮಬಾಗ_ಕಾಕಾ, ಬೆಳಗಾವಿ

ಗುರುತು ಹಾಕುವ ರೂಢಿ ಬಿಡಬೇಡ ಅಂತ ಹೇಳು ತಂಗೀ. ನಾವೂ ಹೊಸ ಪ್ಯಾಟರ್ನ್‌ನ ಮೊದಲ ಎರಕ ಬಂದಾಗ ತಪ್ಪು ಇದ್ದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕುತ್ತಿದ್ದೆವು.

ಟಿಳಕವಾಡಿ_ಮೂರನೇ_ಗೇಟ್, ಬೆಳಗಾವಿ

ಅಕ್ಕಾರೆ, ನಾನು ಮೊದಲು ಹೇಳಿದ್ದು ಒರಟಾಯಿತು, ಕ್ಷಮಿಸಿ. ಆ ಪುಸ್ತಕದ ಗುರುತು ಹಾಕಿದ ಹಾಳೆಗಳ ಫೋಟೋ ಇಲ್ಲಿ ಹಾಕಿ. ಇದೇ ಕಿಟ್ ತಗೊಂಡವರು ಇನ್ನೊಬ್ಬರು ಇದ್ದರೆ ಅವರ ಭುಜ ಉಳಿಯುತ್ತದೆ.

ಗುಮ್ಮಟದೂರು, ವಿಜಯಪುರ

ಹೌದು, ಹಾಕಿ. ಸೊಂಟದ ಪಿನ್‌ಗೆ ಬಂದಾಗ ಮಾತ್ರ ಇನ್ನೂ ನಿಧಾನ ಮಾಡಲು ಹೇಳಿ. ಆ ನವಿಲುಗರಿ ರೆಕ್ಕೆಯ ಭಾರವೆಲ್ಲ ಕೊನೆಗೆ ಅಲ್ಲಿಗೇ ಬರುತ್ತದೆ.

ವಿದ್ಯಾಗಿರಿ_ಚಿಗವ್ವ, ಬಾಗಲಕೋಟೆ

ಈಗ ಅಲ್ಲಿಗೇ ಬಂದಿದ್ದಾನೆ. ಕಾಗದ ಸುತ್ತುತ್ತಿದ್ದಾನೆ. ಫೋಟೋ ರಾತ್ರಿ ಹಾಕುತ್ತೇನೆ.